ಮಾತು ನಿಂತ ಮನೆಯಲ್ಲಿ ಯಾವ ಹಾಡು?

ಹೈದರಾಬಾದಿನ ಪೂರ್ವಕ್ಕಿರುವ ನಾಚಾರಂನಲ್ಲಿ ಒಬ್ಬರೇ ದಿನಕ್ಕೆ ಮೂರು ನಾಲ್ಕು ಭಾಷೆ ಆಡುವುದು ಯಾರ ಗಮನಕ್ಕೂ ಬರುವುದಿಲ್ಲ. ಕೈಗಾರಿಕಾ ವಸಾಹತಿನ ಶೆಡ್ಡಿನೊಳಗೆ ತೆಲುಗು, ಗೇಟಿನಾಚೆಯ ಚಹಾದಂಗಡಿಯಲ್ಲಿ ದಖನಿ, ಕಚೇರಿಯ ಕಾಗದಪತ್ರದಲ್ಲಿ ಇಂಗ್ಲಿಷು. ಕಲಬುರಗಿ, ಬೀದರ, ರಾಯಚೂರಿನ ಕಡೆಯಿಂದ ಬಂದು ನೆಲೆಸಿದ ಕುಟುಂಬವಾದರೆ ಹೊಸಿಲು ದಾಟಿದ ಮೇಲೆ ಕನ್ನಡ. ಆ ಜಿಲ್ಲೆಗಳು 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿಯವರಿಗೆ ಈ ಊರು ಪರದೇಶವಲ್ಲ, ಹಳೆಯ ರಾಜಧಾನಿ. ಕಾಚಿಗುಡದಲ್ಲಿ ಕನ್ನಡ ಶಾಲೆಯೂ ಸಾಹಿತ್ಯ ಮಂದಿರವೂ ಹುಟ್ಟಿಕೊಂಡದ್ದು ಈ ನಂಟಿನಿಂದಲೇ.

ಅಂಥ ಒಂದು ಮನೆಯ ಅಜ್ಜನಿಗೆ ಲಕ್ವ ಹೊಡೆಯಿತು ಎಂದಿಟ್ಟುಕೊಳ್ಳಿ. ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲು ನಿಧಾನಕ್ಕೆ ನೆಲ ಹಿಡಿಯುತ್ತದೆ, ಕೈಯಲ್ಲೂ ಸ್ವಲ್ಪ ಚಲನೆ ಬರುತ್ತದೆ. ಮಾತು ಮಾತ್ರ ‘ಹಾಂ’, ‘ಊಹ್ಞೂಂ’ ದಾಟುವುದಿಲ್ಲ. ನೋಡಲು ಬಂದ ನೆಂಟರು ಕಿವಿ ಕೇಳಿಸದವರ ಹತ್ತಿರ ಮಾತಾಡುವ ಹಾಗೆ ಗಟ್ಟಿಯಾಗಿ ಕೂಗುತ್ತಾರೆ. ಕೆಲವರು ‘ಬುದ್ಧಿಗೇ ಏನೋ ಆಗಿದೆ’ ಎಂದು ಅವರೆದುರಿಗೇ ಅಂದುಬಿಡುತ್ತಾರೆ. ಒಂದು ಸಂಜೆ ಯಾರದೋ ಮೊಬೈಲಿನಲ್ಲಿ ಹಳೆಯ ಹಾಡೊಂದು ಬರುವಾಗ ಅಜ್ಜ ಪಲ್ಲವಿಯ ನಾಲ್ಕು ಪದ ಜೊತೆಗೂಡಿ ಹಾಡಿಬಿಡುತ್ತಾರೆ. ಮನೆಯವರೆಲ್ಲ ಓಡಿ ಬರುತ್ತಾರೆ: ಮಾತು ಬಂತು! ಹಾಡು ಮುಗಿದ ಮೇಲೆ ‘ಏನು ಬೇಕಪ್ಪಾ?’ ಎಂದು ಕೇಳಿದರೆ ಮತ್ತೆ ‘ಹಾಂ’ ಅಷ್ಟೇ.

ಈ ಮನೆ ಕಲ್ಪಿತ. ಆದರೆ ಹೀಗೆ ಆಗುವುದು ಅಪರೂಪವಲ್ಲ, ಮತ್ತು ಇದರಲ್ಲಿ ಎರಡು ಪ್ರಶ್ನೆಗಳಿವೆ. ಮಾತಾಡಲಾಗದವರು ಹಾಡುವುದು ಹೇಗೆ? ಹಾಡು ಕೇಳಿಸುತ್ತ ಹೋದರೆ ಮಾತು ಮರಳಲು ಸಹಾಯವಾಗುತ್ತದೆಯೆ? ನಾಚಾರಂನಂಥ ಊರಲ್ಲಿ ಮೂರನೆಯದೊಂದು ಸೇರಿಕೊಳ್ಳುತ್ತದೆ: ಆಗುವುದಾದರೆ ಯಾವ ಭಾಷೆಯ ಹಾಡು?

ಹೋದದ್ದು ಏನು, ಉಳಿದದ್ದು ಏನು

ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಅದು ಪಾರ್ಶ್ವವಾಯು. ನಾಳ ಕಟ್ಟಿಕೊಂಡ ಪ್ರಕರಣಗಳೇ ಹೆಚ್ಚು. ಮೆದುಳಿನ ಎಡ ಮಗ್ಗುಲಿನ ದೊಡ್ಡ ಭಾಗಕ್ಕೆ ರಕ್ತ ಕೊಡುವುದು ಮಧ್ಯ ಮಸ್ತಿಷ್ಕ ಧಮನಿ. ಹಣೆಯ ಪಕ್ಕದಲ್ಲಿ ಮಾತು ಕಟ್ಟುವ ಬ್ರೋಕಾ ಪ್ರದೇಶವೂ ಕಿವಿಯ ಮೇಲ್ಭಾಗದಲ್ಲಿ ಮಾತನ್ನು ಅರ್ಥಮಾಡಿಕೊಳ್ಳುವ ವರ್ನಿಕೆ ಪ್ರದೇಶವೂ ಬಹುಪಾಲು ಜನರಲ್ಲಿ ಈ ಧಮನಿಯ ಹರವಿನೊಳಗೇ ಇವೆ. ಬಲಗೈಯನ್ನು ಆಡಿಸುವ ಭಾಗವೂ ಪಕ್ಕದಲ್ಲೇ. ಅದಕ್ಕೇ ಬಲಗೈ ಮತ್ತು ಮಾತು ಒಟ್ಟಿಗೆ ಹೋಗುವುದು. ಹೀಗೆ ಭಾಷೆ ಕೆಡುವುದಕ್ಕೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಇದು ಬುದ್ಧಿ ಹೋಗುವುದಲ್ಲ, ಕಿವುಡೂ ಅಲ್ಲ. ಬ್ರೋಕಾ ಬಗೆಯ ಅಫೇಸಿಯಾದಲ್ಲಿ ರೋಗಿಗೆ ಎದುರಿನವರ ಮಾತು ಬಹಳ ಮಟ್ಟಿಗೆ ತಿಳಿಯುತ್ತದೆ, ಹೇಳಬೇಕಾದದ್ದೂ ಗೊತ್ತಿರುತ್ತದೆ. ಪದ ಹೊರಗೆ ಬರುವುದಿಲ್ಲ, ಅಷ್ಟೇ. ಆ ಸಂಕಟ ಕೋಪವಾಗಿಯೋ ಅಳುವಾಗಿಯೋ ಹೊರಬೀಳುತ್ತದೆ.

ಇಂಥವರು ಹಾಡಬಲ್ಲರು ಎಂಬುದು ಹಳೆಯ ಸುದ್ದಿ. ಕಾಯಿಲೆಯಿಂದ ಬಲಮಗ್ಗುಲೂ ಮಾತೂ ಬಿದ್ದುಹೋಗಿದ್ದ ಸ್ವೀಡನ್ನಿನ ಯುವಕನೊಬ್ಬ ಮೊದಲು ಕಲಿತ ಭಕ್ತಿಗೀತೆಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದನೆಂದು ಓಲೊಫ್ ಡಾಲಿನ್ 1745ರಲ್ಲಿ ದಾಖಲಿಸಿದ್ದಾನೆ. ಬ್ರೋಕಾ ತನ್ನ ಹೆಸರಿನ ಪ್ರದೇಶವನ್ನು ಗುರುತಿಸಿದ್ದು 1861ರಲ್ಲಿ, ಅಂದರೆ ಅದಕ್ಕೂ ನೂರು ವರ್ಷದ ಮೇಲೆ. ಇಪ್ಪತ್ತನೇ ಶತಮಾನದ ಪ್ರಸಿದ್ಧ ಉದಾಹರಣೆ ರಷ್ಯದ ಸಂಗೀತ ಸಂಯೋಜಕ ವಿಸ್ಸಾರಿಯನ್ ಶೆಬಾಲಿನ್ ಅವರದು. 1953ರಲ್ಲಿ ಒಮ್ಮೆ, 1959ರಲ್ಲಿ ಮತ್ತೊಮ್ಮೆ ಪಾರ್ಶ್ವವಾಯುವಾಗಿ ಅವರ ಭಾಷೆ ತೀರ ಕೆಟ್ಟಿತ್ತು. ಆ ಸ್ಥಿತಿಯಲ್ಲೇ ತಮ್ಮ ಐದನೆಯ ಸಿಂಫನಿಯನ್ನು ರಚಿಸಿದರು. ನರಮನೋವಿಜ್ಞಾನಿ ಲೂರಿಯಾ ಮತ್ತು ಸಂಗಡಿಗರು 1965ರಲ್ಲಿ ಅವರ ಬಗ್ಗೆ ಬರೆದ ಪ್ರಬಂಧ ಈಗಲೂ ಓದಿಸಿಕೊಳ್ಳುತ್ತದೆ.

‘ಭಾಷೆ ಎಡ ಮೆದುಳಿನದು, ಸಂಗೀತ ಬಲ ಮೆದುಳಿನದು’ ಎಂದು ಇದನ್ನು ಒಂದೇ ವಾಕ್ಯದಲ್ಲಿ ವಿವರಿಸುವ ರೂಢಿಯಿದೆ. ಅದು ಅರ್ಧ ಸತ್ಯ. ರಾಗದ ಏರಿಳಿತ ಗುರುತಿಸುವುದರಲ್ಲಿ ಬಲ ಭಾಗದ ಪಾಲು ದೊಡ್ಡದು, ನಿಜ. ಆದರೆ ಸಾಹಿತ್ಯವಿರುವ ಹಾಡು ಕೇಳುವಾಗ ಎರಡೂ ಪಾರ್ಶ್ವಗಳು ದುಡಿಯುತ್ತವೆ. ಶ್ರವಣದ ಭಾಗ, ನೆನಪಿನ ಭಾಗ, ತಾಳಕ್ಕೆ ಸ್ಪಂದಿಸುವ ಚಲನೆಯ ಭಾಗ, ಹಿತವೆನಿಸಿದಾಗ ಡೋಪಮಿನ್ ಒಸರುವ ಆಳದ ಭಾಗ ಎಲ್ಲವೂ ಒಮ್ಮೆಗೇ ಎಚ್ಚರಗೊಳ್ಳುತ್ತವೆ. ಎಡಗಡೆ ಒಂದಷ್ಟು ಜಾಗ ಸತ್ತರೂ ಹಾಡಿಗೆ ನೆಲೆಯಾಗಲು ಬೇರೆ ಜಾಗಗಳು ಉಳಿದಿರುತ್ತವೆ.

ಇನ್ನೊಂದು ಕಾರಣವೂ ಇದೆ. ಬಾಯಿಪಾಠವಾದದ್ದು ಮತ್ತು ಆಗಷ್ಟೇ ಕಟ್ಟಬೇಕಾದ ಮಾತು ಮೆದುಳಿಗೆ ಒಂದೇ ಕೆಲಸವಲ್ಲ. ಮಗ್ಗಿ, ವಾರದ ಹೆಸರು, ಸ್ತೋತ್ರ, ‘ಅಯ್ಯೋ ಶಿವನೆ’ ಎಂಬ ಉದ್ಗಾರ, ಬೈಗುಳ ಇವೆಲ್ಲ ಪೂರ್ತಿ ಅಚ್ಚಾಗಿ ಕುಳಿತ ಸಾಲುಗಳು. ‘ಫ್ಯಾನು ಸ್ವಲ್ಪ ಕಡಿಮೆ ಮಾಡು’ ಎಂಬುದನ್ನು ಪ್ರತಿಸಲವೂ ಹೊಸದಾಗಿ ಕಟ್ಟಬೇಕು. ಅಜ್ಜ ಪಲ್ಲವಿ ಹಾಡಿದ್ದು ಮೊದಲ ಬಗೆಯದು. ಮಾತು ಮರಳಿತೆಂದು ಅದರಿಂದ ತೀರ್ಮಾನಿಸುವಂತಿಲ್ಲ.

ಬರೀ ಕೇಳಿದರೆ ಸಾಕೆ?

ಹಾಡುವುದಿರಲಿ, ಸುಮ್ಮನೆ ಕೇಳುವುದರಿಂದ ಏನಾದರೂ ಆಗುತ್ತದೆಯೆ ಎಂದು ಕಟ್ಟುನಿಟ್ಟಾಗಿ ಪರೀಕ್ಷಿಸಿದವರು ಫಿನ್ಲೆಂಡಿನವರು. ತೆಪ್ಪೊ ಸಾರ್ಕಾಮೊ ಮತ್ತು ಸಂಗಡಿಗರು ಹೆಲ್ಸಿಂಕಿಯಲ್ಲಿ, ಮಧ್ಯ ಮಸ್ತಿಷ್ಕ ಧಮನಿಯ ಪಾರ್ಶ್ವವಾಯುವಿಗೆ ಆಗಷ್ಟೇ ಒಳಗಾದ 60 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪು ತಮಗಿಷ್ಟವಾದ ಸಂಗೀತವನ್ನು, ಇನ್ನೊಂದು ಧ್ವನಿಪುಸ್ತಕವನ್ನು ದಿನಕ್ಕೆ ಕನಿಷ್ಠ ಒಂದು ಗಂಟೆಯಂತೆ ಎರಡು ತಿಂಗಳು ಕೇಳಬೇಕು. ಮೂರನೆಯ ಗುಂಪಿಗೆ ಕೇಳಲು ಏನೂ ಕೊಡಲಿಲ್ಲ. ಮಾಮೂಲಿನ ಚಿಕಿತ್ಸೆ ಮೂರೂ ಗುಂಪಿಗೆ ಸಮ.

2008ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕೇಳಿದ ಪದಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ, ಮೊದಲ ವಾರಕ್ಕೆ ಹೋಲಿಸಿದರೆ ಮೂರನೆಯ ತಿಂಗಳಲ್ಲಿ, ಸಂಗೀತದ ಗುಂಪಿನಲ್ಲಿ ಶೇ. 60ರಷ್ಟು ಹೆಚ್ಚಿತ್ತು. ಧ್ವನಿಪುಸ್ತಕದವರಲ್ಲಿ ಶೇ. 18, ಏನೂ ಕೇಳದವರಲ್ಲಿ ಶೇ. 29. ಗಮನ ಕೇಂದ್ರೀಕರಿಸುವ ಶಕ್ತಿಯೂ ಸಂಗೀತದವರಲ್ಲೇ ಸುಧಾರಿಸಿತು. ಖಿನ್ನತೆ, ಗೊಂದಲಗಳೂ ಏನೂ ಕೇಳದವರಿಗಿಂತ ಅವರಲ್ಲಿ ಕಡಿಮೆ. ನೆನಪು, ಗಮನಗಳಲ್ಲಿನ ಅಂತರ ಆರನೆಯ ತಿಂಗಳಲ್ಲೂ ಉಳಿದಿತ್ತು.

ಸಂಗೀತದವರು ಕೇಳಿದ್ದರಲ್ಲಿ ಹೆಚ್ಚಿನವು ಸಾಹಿತ್ಯವಿದ್ದ ಹಾಡುಗಳು. ಹಾಗಾದರೆ ಕೆಲಸ ಮಾಡಿದ್ದು ಸ್ವರವೋ, ಪದವೋ, ಎರಡರ ಕೂಟವೋ? ತುರ್ಕು ನಗರದಲ್ಲಿ ಎರಡನೆಯ ಪ್ರಯೋಗ ನಡೆಯಿತು. ಅದರಲ್ಲಿ ಹಾಡು, ಬರೀ ವಾದ್ಯ ಸಂಗೀತ, ಧ್ವನಿಪುಸ್ತಕ ಎಂದು ಗುಂಪು ಮಾಡಿದರು. ಎರಡೂ ಪ್ರಯೋಗಗಳ ಒಟ್ಟು 83 ರೋಗಿಗಳ ಲೆಕ್ಕವನ್ನು ಅಲೆಕ್ಸಿ ಸಿಹ್ವೊನೆನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದರು. ಪದಗಳ ನೆನಪಿನಲ್ಲಿ ಹಾಡು ಕೇಳಿದವರು ಉಳಿದೆರಡು ಗುಂಪಿನವರನ್ನೂ ಹಿಂದೆ ಹಾಕಿದ್ದರು. ಭಾಷೆಯ ಚೇತರಿಕೆಯಲ್ಲಿ ಧ್ವನಿಪುಸ್ತಕದವರಿಗಿಂತ ಮುಂದಿದ್ದರು, ಅದರಲ್ಲೂ ಅಫೇಸಿಯಾ ಇದ್ದವರಲ್ಲಿ ಇದು ಎದ್ದು ಕಂಡಿತು. ಎಂಆರ್‌ಐ ಚಿತ್ರಗಳಲ್ಲಿ ಅವರ ಮೆದುಳಿನ ಎಡ ಟೆಂಪೊರಲ್ ಭಾಗದ ಬೂದುದ್ರವ್ಯ ಹೆಚ್ಚಿದ್ದೂ ಕಾಣಿಸಿತು.

ಧ್ವನಿಪುಸ್ತಕದಲ್ಲಿಯೂ ಪದಗಳಿವೆ, ಕಥೆಯೂ ಇದೆ. ಆದರೂ ಹಾಡು ಮುಂದೆ ಬಂದದ್ದು ಯಾಕೆ? ಕಥೆ ಹಿಂಬಾಲಿಸಬೇಕಾದರೆ ಹಿಂದಿನ ವಾಕ್ಯ ನೆನಪಿರಬೇಕು, ಮುಂದಿನದು ಅರ್ಥವಾಗಬೇಕು. ಗಾಯಗೊಂಡ ಮೆದುಳಿಗೆ ಅದು ಆಯಾಸ. ಹಾಡಿನಲ್ಲಿ ಪಲ್ಲವಿ ಮರಳಿ ಮರಳಿ ಬರುತ್ತದೆ, ಪದ ಬೀಳುವ ಜಾಗವನ್ನು ತಾಳ ಮೊದಲೇ ಸೂಚಿಸುತ್ತದೆ, ಸ್ವರ ಎಳೆದಷ್ಟೂ ಕೇಳುವವರಿಗೆ ಸಮಯ ಸಿಗುತ್ತದೆ. ಒಂದು ಪದ ತಪ್ಪಿದರೂ ಕೇಳುವ ಸುಖಕ್ಕೆ ಭಂಗವಿಲ್ಲ. ಆ ಸುಖವೇ ಮನಸ್ಸನ್ನು ಹತೋಟಿಗೆ ತರುತ್ತದೆ. ಮನಸ್ಸು ಕುಗ್ಗಿದವರು ಅಭ್ಯಾಸಕ್ಕೆ ಕೂರುವುದಿಲ್ಲ. ಅಭ್ಯಾಸವಿಲ್ಲದೆ ಮಾತು ಮರಳುವುದು ಕಷ್ಟ.

ಇದರ ಮಿತಿಯನ್ನೂ ನೋಡಬೇಕು. 83 ಎಂಬುದು ವೈದ್ಯಕೀಯದಲ್ಲಿ ಸಣ್ಣ ಸಂಖ್ಯೆ, ಅದರೊಳಗೆ ಅಫೇಸಿಯಾ ಇದ್ದವರು ಇನ್ನೂ ಕಡಿಮೆ. ಇಲ್ಲಿ ಸಂಗೀತ ಚಿಕಿತ್ಸೆಗೆ ಜೊತೆಯಾಗಿತ್ತೇ ಹೊರತು ಬದಲಿಯಾಗಿರಲಿಲ್ಲ. ‘ಲಕ್ವಕ್ಕೆ ಇಂಥ ರಾಗ, ಬಿಪಿಗೆ ಇಂಥ ರಾಗ’ ಎಂದು ಪಟ್ಟಿ ಕೊಡುವ ವಿಡಿಯೋಗಳಿಗೂ ಈ ಪ್ರಯೋಗಗಳಿಗೂ ಸಂಬಂಧವಿಲ್ಲ. ಫಿನ್ಲೆಂಡಿನಲ್ಲಿ ಯಾರೂ ರಾಗ ಬರೆದುಕೊಡಲಿಲ್ಲ. ರೋಗಿಗೆ ಇಷ್ಟವಾದದ್ದೇ ಮದ್ದಿನ ಪಟ್ಟಿ.

‘ನೀರು ಬೇಕು’ ಎಂಬ ಹಾಡು

ಕೇಳುವುದು ಒಂದು, ಸ್ವರದ ಮೂಲಕ ಮಾತು ಕಲಿಸುವುದು ಇನ್ನೊಂದು. ಎರಡನೆಯದಕ್ಕೆ ತರಬೇತಿ ಪಡೆದ ವಾಕ್ ಚಿಕಿತ್ಸಕರು ಬೇಕು. ಬೋಸ್ಟನ್ನಿನಲ್ಲಿ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್, ನ್ಯಾನ್ಸಿ ಹೆಲ್ಮ್ 1973ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಮೆಲೊಡಿಕ್ ಇಂಟೊನೇಶನ್ ಥೆರಪಿ ಎಂದು ಹೆಸರು. ದಿನಬಳಕೆಯ ಚಿಕ್ಕ ಮಾತೊಂದನ್ನು ಎರಡೇ ಸ್ವರದಲ್ಲಿ ಕೂರಿಸುತ್ತಾರೆ. ಚಿಕಿತ್ಸಕರು ಅದನ್ನು ಮೊದಲು ಗುನುಗುತ್ತಾರೆ, ಆಮೇಲೆ ರೋಗಿಯ ಜೊತೆ ಹಾಡುತ್ತಾರೆ, ನಡುವೆ ತಾವು ನಿಲ್ಲಿಸಿ ರೋಗಿ ಮುಂದುವರಿಸುವಂತೆ ಮಾಡುತ್ತಾರೆ. ಪ್ರತಿ ಅಕ್ಷರಕ್ಕೂ ರೋಗಿಯ ಎಡಗೈಯನ್ನು ಮೇಜಿಗೆ ಮೆಲ್ಲಗೆ ತಟ್ಟಿಸುತ್ತಾರೆ. ದಿನಗಳು ಕಳೆದಂತೆ ಮಾತು ಉದ್ದವಾಗುತ್ತದೆ, ರಾಗ ಕರಗುತ್ತ ಬಂದು ಸಾಮಾನ್ಯ ಮಾತಿನ ಧಾಟಿಗೆ ಇಳಿಯುತ್ತದೆ.

ಇದರಲ್ಲಿ ಫಲ ಕೊಡುವುದು ರಾಗವೋ ಲಯವೋ ಎಂಬ ಚರ್ಚೆ ಮುಗಿದಿಲ್ಲ. 2011ರಲ್ಲಿ ಬೆನ್ಯಾಮಿನ್ ಸ್ಟಾಲ್ ಮತ್ತು ಸಂಗಡಿಗರು ಜರ್ಮನಿಯಲ್ಲಿ 17 ರೋಗಿಗಳನ್ನು ಪರೀಕ್ಷಿಸಿದಾಗ ಹಾಡುವುದರಿಂದ ವಿಶೇಷ ಲಾಭ ಕಾಣಲಿಲ್ಲ. ಲಯ ಮತ್ತು ಮೊದಲೇ ರೂಢಿಯಾದ ಪದಗುಚ್ಛಗಳೇ ಹೆಚ್ಚು ಪರಿಣಾಮ ಬೀರಿದ್ದವು.

ಈ ವಿಧಾನವನ್ನು ಇಂಗ್ಲಿಷಿನಿಂದ ಹಾಗೇ ಎತ್ತಿ ಕನ್ನಡಕ್ಕೆ ಹಾಕಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತು ಬೀಳುವ ಅಕ್ಷರಕ್ಕೆ ಮೇಲಿನ ಸ್ವರ, ಉಳಿದವಕ್ಕೆ ಕೆಳಗಿನದು. ಕನ್ನಡದ ಪದಕ್ಕೆ ಜೀವ ಬರುವುದು ಅಂಥ ಒತ್ತಿನಿಂದಲ್ಲ, ಹ್ರಸ್ವದೀರ್ಘದಿಂದ, ದ್ವಿತ್ವದಿಂದ. ‘ಹಲ್ಲು’ ಎಂಬುದರ ಮೊದಲ ಸ್ವರವನ್ನು ರಾಗಕ್ಕೆಂದು ಎಳೆದರೆ ‘ಹಾಲು’ ಎಂದು ಕೇಳಿಸಿಬಿಡಬಹುದು. ‘ನೀರು ಬೇಕು’ ಸುಲಭ: ಎರಡೂ ಪದ ದೀರ್ಘದಿಂದ ಶುರುವಾಗಿ ಹ್ರಸ್ವಕ್ಕೆ ಇಳಿಯುತ್ತವೆ, ದೀರ್ಘಕ್ಕೆ ಮೇಲಿನ ಸ್ವರ ತಾನಾಗಿ ಒಗ್ಗುತ್ತದೆ. ‘ತಲೆ ನೋವು’ ಎನ್ನುವಾಗ ‘ತಲೆ’ಯನ್ನು ಎಳೆಯದೆ ದಾಟಬೇಕು. ಗುರುಲಘುಗಳ ಲೆಕ್ಕ ಬಲ್ಲ ಭಾಷೆಗೆ ಈ ಕೆಲಸ ಹೊಸತೇನಲ್ಲ. ನಮ್ಮ ಪದ ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದೂ ಒಂದು ಅನುಕೂಲ.

ಕನ್ನಡದಲ್ಲಿ ಇದಕ್ಕೆ ತಳಹದಿಯೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕನ್ನಡದಲ್ಲೇ ಅಫೇಸಿಯಾ ಪರೀಕ್ಷೆಗಳನ್ನೂ ಚಿಕಿತ್ಸೆಯ ಕೈಪಿಡಿಯನ್ನೂ ರೂಪಿಸಿದೆ. ಪ್ರತಿಭಾ ಕಾರಂತರು ಕನ್ನಡಕ್ಕೆಂದೇ ಭಾಷಾ ಪರೀಕ್ಷೆಯೊಂದನ್ನು 1980ರ ಹೊತ್ತಿಗೇ ಕಟ್ಟಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಾಂತಲಾ ಹೆಗಡೆಯವರು ಸಂಗೀತ ಮತ್ತು ಮೆದುಳಿನ ಅಧ್ಯಯನಕ್ಕೇ ಮೀಸಲಾದ ಪ್ರಯೋಗಾಲಯ ನಡೆಸುತ್ತಾರೆ. ದೆಹಲಿಯ ಏಮ್ಸ್‌ನ ನರವಿಭಾಗ ಐಐಟಿ ದೆಹಲಿಯೊಂದಿಗೆ ಸೇರಿ ಅಫೇಸಿಯಾಕ್ಕೆ ಸಂಗೀತ ಚಿಕಿತ್ಸೆಯ ಭಾರತೀಯ ಮಾದರಿ ಸಿದ್ಧಪಡಿಸುತ್ತಿದೆ ಎಂಬ ಸುದ್ದಿ 2023ರಲ್ಲಿ ಬಂತು.

ಹೈದರಾಬಾದು ಕಲಿಸಿದ ಪಾಠ

ಮೂರನೆಯ ಪ್ರಶ್ನೆ ಉಳಿದಿದೆ. ಫಿನ್ಲೆಂಡಿನ ರೋಗಿಗೆ ‘ಯಾವ ಭಾಷೆಯ ಹಾಡು’ ಎಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ನಾಚಾರಂನಲ್ಲಿ ಅದೇ ಮೊದಲ ಪ್ರಶ್ನೆ. ಸೊಸೆ ತೆಲುಗಿನವಳಿರಬಹುದು, ಮೊಮ್ಮಕ್ಕಳಿಗೆ ಇಂಗ್ಲಿಷೇ ಸಲೀಸಾಗಿರಬಹುದು, ಆಸ್ಪತ್ರೆಯಲ್ಲಿ ತೆಲುಗು ಮತ್ತು ಹಿಂದಿ. ಇಂಥಲ್ಲಿ ‘ಅಜ್ಜನ ತಲೆಗೆ ಭಾರ ಬೇಡ, ಎಲ್ಲರೂ ಒಂದೇ ಭಾಷೆ ಆಡಿ’ ಎಂಬ ಸಲಹೆ ಬಂದೇ ಬರುತ್ತದೆ. ಆ ಒಂದು ಭಾಷೆ ಕನ್ನಡವಾಗಿರುವುದು ಕಡಿಮೆ.

ಹಲವು ಭಾಷೆ ತಲೆಗೆ ಭಾರವೇ ಎಂಬ ಪ್ರಶ್ನೆಗೆ ಜಗತ್ತು ಕಿವಿಗೊಟ್ಟ ಉತ್ತರವೊಂದು ಇದೇ ನಗರದ ಪಂಜಾಗುಟ್ಟದಿಂದ, ನಿಜಾಂ ವೈದ್ಯಕೀಯ ವಿಜ್ಞಾನ ಸಂಸ್ಥೆಯಿಂದ ಬಂದಿದೆ. ಆಗ ಅಲ್ಲಿದ್ದು ಬಳಿಕ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದ ನರತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮರೆವಿನ ರೋಗಿಗಳ ದಾಖಲೆ ನೋಡಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗುತ್ತದೆ ಎಂದು 2013ರಲ್ಲಿ ತೋರಿಸಿದರು. ಪಶ್ಚಿಮದ ದೇಶಗಳಲ್ಲಿ ಬಹುಭಾಷಿಕರು ಹೆಚ್ಚಾಗಿ ವಲಸಿಗರು. ಅಲ್ಲಿ ಭಾಷೆಯ ಪರಿಣಾಮ ಯಾವುದು, ವಲಸೆಯ ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ಹೈದರಾಬಾದಿನಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಎರಡು ಮೂರು ಭಾಷೆ ಆಡುತ್ತಾರೆ, ಅನಕ್ಷರಸ್ಥರಲ್ಲೂ ಅದೇ ಲಾಭ ಕಂಡಿತು.

ಅದೇ ಗುಂಪು 2016ರಲ್ಲಿ ಪಾರ್ಶ್ವವಾಯುವಿನತ್ತ ತಿರುಗಿತು. 608 ರೋಗಿಗಳ ಪೈಕಿ, ಪಾರ್ಶ್ವವಾಯುವಿನ ನಂತರವೂ ಬುದ್ಧಿಶಕ್ತಿ ಸರಿಯಾಗಿ ಉಳಿದವರು ಬಹುಭಾಷಿಕರಲ್ಲಿ ಶೇ. 40.5, ಒಂದೇ ಭಾಷೆಯವರಲ್ಲಿ ಶೇ. 19.6. ಅಫೇಸಿಯಾ ಬರುವ ಪ್ರಮಾಣದಲ್ಲಿ ಮಾತ್ರ ಇಬ್ಬರ ನಡುವೆ ವ್ಯತ್ಯಾಸವಿರಲಿಲ್ಲ. ಹೆಚ್ಚು ಭಾಷೆ ಬಂದರೆ ಮಾತು ಹೋಗುವುದು ತಪ್ಪುವುದಿಲ್ಲ ಎಂದಾಯಿತು. ಆದರೆ ಅಫೇಸಿಯಾ ಬಂದವರನ್ನಷ್ಟೇ ನೋಡಿದ 2019ರ ಅಧ್ಯಯನದಲ್ಲಿ ಬಹುಭಾಷಿಕರಲ್ಲಿ ಅದರ ತೀವ್ರತೆ ಕಡಿಮೆಯಿತ್ತು. ಬೆಳಗಿನಿಂದ ಸಂಜೆವರೆಗೆ ಭಾಷೆ ಬದಲಿಸುತ್ತ, ಒಂದನ್ನು ತಡೆದು ಇನ್ನೊಂದನ್ನು ಮುಂದೆ ಬಿಡುತ್ತ ಬಂದ ಮೆದುಳಿನಲ್ಲಿ ಗಮನ ನಿಯಂತ್ರಿಸುವ ವ್ಯವಸ್ಥೆ ಪಳಗಿರುತ್ತದೆ, ಚೇತರಿಕೆಗೆ ಅದು ನೆರವಾಗುತ್ತದೆ ಎಂಬುದು ಸಂಶೋಧಕರ ಊಹೆ.

ಹಲವು ಭಾಷೆಯವರಲ್ಲಿ ಮೊದಲು ಮರಳುವುದು ಯಾವುದು? ತಾಯಿನುಡಿ ಎಂದು 1880ರ ದಶಕದಲ್ಲಿ ಫ್ರೆಂಚ್ ಮನೋವಿಜ್ಞಾನಿ ರಿಬೋ ಹೇಳಿದ. ಕಾಯಿಲೆಗೆ ಮುನ್ನ ಹೆಚ್ಚು ಬಳಸುತ್ತಿದ್ದದ್ದು ಎಂದು 1895ರಲ್ಲಿ ಫ್ರೆಂಚ್ ವೈದ್ಯ ಪಿತ್ರ್ ಹೇಳಿದ. ಆಮೇಲಿನ ದಾಖಲೆಗಳಲ್ಲಿ ಹೆಚ್ಚಾಗಿ ಕಂಡದ್ದು ಎಲ್ಲ ಭಾಷೆಗಳೂ ಹೆಚ್ಚುಕಡಿಮೆ ಜೊತೆಜೊತೆಗೇ ಸುಧಾರಿಸುವುದು. ಹಾಗಿರುವಾಗ ತಾಯಿನುಡಿಯನ್ನು ಬಾಗಿಲ ಹೊರಗಿಡಲು ಕಾರಣವೇ ಇಲ್ಲ. ಅಜ್ಜನಿಗೆ ಬೇಕಾದದ್ದು ನೀರು. ಬಾಯಿಗೆ ‘ನೀಳ್ಳು’ ಬಂದರೂ ಸರಿ, ‘ಪಾನಿ’ ಬಂದರೂ ಸರಿ, ಲೋಟ ಕೈಗೆ ಕೊಡಿ. ‘ಕನ್ನಡದಲ್ಲಿ ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ.

ಹಾಡಿನ ಆಯ್ಕೆಗೂ ಇದೇ ಸೂತ್ರ. ಮನೆಯ ಭಾಷೆ, ಹರೆಯದಲ್ಲಿ ಕೇಳಿದ ಭಾಷೆ, ದುಡಿಮೆಯ ಭಾಷೆ ಮೂರರಲ್ಲೂ ಹುಡುಕಿ. ರಾಯಚೂರಿನ ಕಡೆಯ ಹಿರಿಯರಾದರೆ ಸಿದ್ಧರಾಮ ಜಂಬಲದಿನ್ನಿಯವರ ಕಂಠದ ವಚನ, ದಾಸರ ಪದ ಮೈಗೂಡಿರಬಹುದು. ಸಿನಿಮಾ ಪ್ರಿಯರಾದರೆ ಹೈದರಾಬಾದಿನ ಕನ್ನಡಿಗರಿಗೊಂದು ಅನುಕೂಲವುಂಟು: ಪಿ.ಬಿ. ಶ್ರೀನಿವಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರೂ ಕನ್ನಡ, ತೆಲುಗು ಎರಡರಲ್ಲೂ ಹಾಡಿದವರು. ಒಂದೇ ಕಂಠವನ್ನು ಅತ್ತ ಸೊಸೆಯೂ ಇತ್ತ ಮಾವನೂ ಒಟ್ಟಿಗೆ ಕೂತು ಕೇಳಬಹುದು.

ಮನೆಯಲ್ಲಿ ಮಾಡಬಹುದಾದದ್ದು

ಎಲ್ಲಕ್ಕಿಂತ ಮೊದಲಿನ ಮಾತು ಸಂಗೀತದ್ದಲ್ಲ, ಗಡಿಯಾರದ್ದು. ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಹಾಡು ಬರುವುದು ಜೀವ ಉಳಿದ ಮೇಲೆ.

ಮೊದಲ ವಾರಗಳಲ್ಲಿ ಮೆದುಳು ತನ್ನನ್ನು ತಾನು ಮರುಜೋಡಿಸಿಕೊಳ್ಳುವ ವೇಗ ಹೆಚ್ಚು, ಆದ್ದರಿಂದ ಬೇಗ ಶುರುಮಾಡುವುದು ಒಳ್ಳೆಯದು. ಯಾವ ಹಾಡೆಂದು ಕೇಳಿದರೆ ಹೇಳಲು ಬಾರದವರಿಗೆ ಒಂದೊಂದೇ ಹಾಡಿನ ತುಣುಕು ಕೇಳಿಸಿ ಮುಖ ನೋಡಿ, ತಲೆಯಾಡಿಸಲಿ. ದಿನಕ್ಕೊಂದು ಗಂಟೆ ಎಂದರೆ ಒಂದೇ ಸಲ ಕೂರಿಸಬೇಕಿಲ್ಲ, ಎರಡು ಮೂರು ಪಾಲು ಮಾಡಬಹುದು. ಟಿವಿ ಆರಿಸಿ. ದಿನವಿಡೀ ಹಿನ್ನೆಲೆಯಲ್ಲಿ ಹಾಡು ಗುಯ್‌ಗುಡುತ್ತಿದ್ದರೆ ಅದು ಗದ್ದಲವಷ್ಟೇ. ಅವರು ಗುನುಗಿದರೆ ಜೊತೆಗೆ ಗುನುಗಿ, ಸುಮ್ಮನಿದ್ದರೆ ಒತ್ತಾಯ ಬೇಡ. ಕಣ್ಣೀರು ಬಂದರೆ ಹೆದರಬೇಡಿ, ಆದರೆ ಹಾಡು ದಿನವೂ ಕಳವಳ ಹೆಚ್ಚಿಸುತ್ತಿದ್ದರೆ ಬದಲಿಸಿ. ವಾಕ್ ಚಿಕಿತ್ಸಕರನ್ನು ಕಾಣುವುದನ್ನು ಮಾತ್ರ ಮುಂದೂಡಬೇಡಿ. ನಾಚಾರಂನವರಿಗೆ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ.

ಕೊನೆಯದಾಗಿ ಆಸ್ಪತ್ರೆಗಳಿಗೆ ಹೇಳಬೇಕಾದ ಮಾತು. ನಿಜಾಂ ಸಂಸ್ಥೆಯ ಆ ಅಧ್ಯಯನಗಳು ಸಾಧ್ಯವಾದದ್ದು, ‘ಇವರು ಯಾವ ಯಾವ ಭಾಷೆ ಆಡುತ್ತಿದ್ದರು?’ ಎಂಬ ಪ್ರಶ್ನೆಯನ್ನು ರೋಗಿಯ ದಾಖಲೆಯೊಳಗೆ ತಂದದ್ದರಿಂದ. ಯಂತ್ರ ಬೇಡದ, ಖರ್ಚಿಲ್ಲದ ಪ್ರಶ್ನೆ ಅದು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ‘ಯಾವ ಹಾಡು ಕೇಳುತ್ತಿದ್ದರು?’ ನಾಚಾರಂನ ಇಎಸ್‌ಐ ಆಸ್ಪತ್ರೆಯಿಂದ ಹಿಡಿದು ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯವರೆಗೆ ಡಿಸ್ಚಾರ್ಜ್ ಚೀಟಿಯಲ್ಲಿ ಗುಳಿಗೆ, ವ್ಯಾಯಾಮಗಳ ಜೊತೆ ಅದರ ಉತ್ತರವೂ ಇದ್ದರೆ ಮನೆಯವರಿಗೆ ಆ ದಿನದಿಂದಲೇ ಮಾಡಲು ಒಂದು ಕೆಲಸ ಸಿಗುತ್ತದೆ. ಸಾವಿರಾರು ಚೀಟಿಗಳು ಕೂಡಿಬಿದ್ದಾಗ, ಒಂದೇ ಭಾಷೆಯವರ ನಡುವೆ ಅರ್ಧ ಉತ್ತರ ಸಿಕ್ಕ ಈ ವಿಷಯಕ್ಕೆ ಉಳಿದರ್ಧ ಉತ್ತರವನ್ನು ನಾಲ್ಕು ಭಾಷೆಯ ಈ ಊರೇ ಕೊಡಬಹುದು.